ವಿಂಡೋಸ್ 10 ಆದ ಮೇಲೆ ಯಾವುದು? ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರಿಗೆ ಒಂದು ಹೋಲಿಕೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್ ನಿಂತಿತು. ಅಂದಿನಿಂದ ನೆಂಟರಿಷ್ಟರು ಫೋನ್ ಮಾಡಿದಾಗಲೆಲ್ಲ ಒಂದೇ ಮಾತು. "ಲ್ಯಾಪ್‌ಟಾಪ್ ಚೆನ್ನಾಗೇ ಇದೆ. ಆದ್ರೆ ವಿಂಡೋಸ್ 11 ಹಾಕೋಕೆ ಆಗಲ್ಲ ಅಂತ ತೋರಿಸ್ತಿದೆ. ಏನ್ ಮಾಡೋದು?"

ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ವಿಂಡೋಸ್ 11, ಲಿನಕ್ಸ್, ಮ್ಯಾಕ್, ಇನ್ನೂ ಒಂದೆರಡು ದಾರಿ ಇವೆ. ಇಂಥವಕ್ಕೆ ಓಎಸ್ (ಆಪರೇಟಿಂಗ್ ಸಿಸ್ಟಂ) ಅನ್ನುತ್ತಾರೆ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್. ಯಾವುದು ಜಾಸ್ತಿ ಚೆಂದ, ಯಾವುದು ಜಾಸ್ತಿ ವೇಗ ಅನ್ನುವ ಜಗಳ ಮೂವತ್ತು ವರ್ಷದಿಂದ ನಡೆದಿದೆ, ನಾನೂ ಅದರಲ್ಲಿ ಇದ್ದವನೇ. ಆದರೆ ಇವತ್ತು ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ನೀವು ಇವತ್ತು ಬರೆದ ಕನ್ನಡ ಇನ್ನು ಹದಿನೈದು ವರ್ಷ ಬಿಟ್ಟು ತೆರೆದರೆ ಕನ್ನಡವಾಗಿಯೇ ಕಾಣುತ್ತದಾ? ಈ ಪ್ರಶ್ನೆ ನನಗೆ ಎಲ್ಲಿಂದ ಬಂತು ಅಂತ ಮೊದಲು ಹೇಳುತ್ತೇನೆ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ ಕಾಲ

1993. ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದೆ. ನಾನು ಟೈಪಿಂಗ್ ಕಲಿಯುತ್ತಿದ್ದ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಗೆ ನಾಲ್ಕು ಕಂಪ್ಯೂಟರ್ ಬಂದವು. ಇಡೀ ಕಟ್ಟಡದಲ್ಲಿ ಏಸಿ ಇದ್ದದ್ದು ಆ ಕೋಣೆಗೆ ಮಾತ್ರ. ಚಪ್ಪಲಿ ಬಾಗಿಲಲ್ಲೇ ಬಿಡಬೇಕಿತ್ತು. ಒಂದು ಕಂಪ್ಯೂಟರಿಗೆ ಇಬ್ಬರು, ಒಬ್ಬೊಬ್ಬರಿಗೆ ಅರ್ಧ ಗಂಟೆ. ಅದರಲ್ಲಿ ಎರಡಕ್ಕೆ ಹಾರ್ಡ್ ಡಿಸ್ಕೇ ಇರಲಿಲ್ಲ. ಐದೂಕಾಲು ಇಂಚಿನ ಫ್ಲಾಪಿ ಹಾಕಿದರೆ ಅದರಿಂದಲೇ ಡಾಸ್, ಅಂದರೆ ಕಮಾಂಡ್ ಟೈಪ್ ಮಾಡಿ ನಡೆಸುವ ಹಳೇ ಓಎಸ್, ಶುರುವಾಗುತ್ತಿತ್ತು. ಇನ್ನೊಂದು ಫ್ಲಾಪಿಯಲ್ಲಿ ನಮ್ಮ ಫೈಲು. ಒಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 360 ಕೆಬಿ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದಿಲ್ಲ.

ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ವರ್ಡ್‌ಸ್ಟಾರ್‌ನಲ್ಲಿ ಪತ್ರ, ಲೋಟಸ್‌ನಲ್ಲಿ ಲೆಕ್ಕ, ಡಿಬೇಸ್‌ನಲ್ಲಿ ಹೆಸರು ವಿಳಾಸ. ಕಂಟ್ರೋಲ್ ಒತ್ತಿ ಕೆ, ಡಿ ಅಂದರೆ ಫೈಲ್ ಸೇವ್ ಆಗಿ ಮುಚ್ಚುತ್ತದೆ. ಅದು ಇವತ್ತಿಗೂ ನನ್ನ ಬೆರಳಿಗೆ ಮರೆತಿಲ್ಲ.

ಮುಂದಿನ ವರ್ಷ ಅದೇ ಕೋಣೆಗೆ ವಿಂಡೋಸ್ 3.1 ಇದ್ದ ಯಂತ್ರ ಬಂತು, ಜೊತೆಗೆ ಮೌಸ್. ನಾನು ಕಂಡ ಮೊದಲ ಓಎಸ್ ಜಗಳ ಅವತ್ತೇ ಶುರುವಾಯಿತು. ನಮ್ಮ ಸರ್ ಡಾಸ್ ಪಕ್ಷ. ಕಮಾಂಡ್ ಬಾಯಿಪಾಠ ಇದ್ದವನಿಗೆ ಮೌಸ್ ಯಾಕೆ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. 4 ಎಂಬಿ ಮೆಮೊರಿಯಲ್ಲಿ ವಿಂಡೋಸ್ ಏದುಸಿರು ಬಿಡುತ್ತಿತ್ತು, ಡಾಸ್ ಓಡುತ್ತಿತ್ತು. ಆದರೆ ನನ್ನ ಜೊತೆ ಕೂರುತ್ತಿದ್ದ ಹುಡುಗಿ ಇಂಗ್ಲಿಷ್ ಕಮಾಂಡ್ ಒಂದೂ ತಿಳಿಯದೆ ಒಂದೇ ದಿನದಲ್ಲಿ ಚಿತ್ರ ಬಿಡಿಸಿ ಪ್ರಿಂಟ್ ತೆಗೆದಳು. ಅದನ್ನು ನೋಡಿದ ಮೇಲೆ ನಾನು ವಿಂಡೋಸ್ ಪಕ್ಷಕ್ಕೆ ಹೋದೆ.

1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು. ಅದರ ಮುಂದೆ ನಿಲ್ಲಬೇಕೆಂದು ಐಬಿಎಂ ಓಎಸ್/2 ವಾರ್ಪ್ ತಂದಿತ್ತು. ಅದು ಗಟ್ಟಿಯಾದ ಓಎಸ್, ಒಂದು ಪ್ರೋಗ್ರಾಂ ಕೆಟ್ಟರೆ ಉಳಿದವು ನಿಲ್ಲುತ್ತಿರಲಿಲ್ಲ. ಆದರೂ ಸೋತಿತು. ಜನರಿಗೆ ಬೇಕಾದ ಸಾಫ್ಟ್‌ವೇರ್‌ಗಳನ್ನು ಅದಕ್ಕಾಗಿ ಬರೆದವರು ಕಡಿಮೆ. ಓಎಸ್ ಎಷ್ಟೇ ಚೆನ್ನಾಗಿರಲಿ, ನಿಮ್ಮ ಕೆಲಸದ ಸಾಫ್ಟ್‌ವೇರ್ ಅದರಲ್ಲಿ ಇಲ್ಲದಿದ್ದರೆ ಉಪಯೋಗವಿಲ್ಲ. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ನಂಬಿ ಬದುಕುವವರಿಗೆ ಇವತ್ತೂ ನಾನು ಇದನ್ನೇ ಹೇಳುವುದು.

ಲಿನಕ್ಸ್ ಜಗಳ ಬೇರೆ ಥರದ್ದು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಶುರುಮಾಡಿದರು. ಮರುವರ್ಷವೇ ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ ಅದರ ಕಟ್ಟಣೆಯೇ ಹಳೆಯ ಕಾಲದ್ದು ಎಂದು ಎಲ್ಲರ ಮುಂದೆ ವಾದಕ್ಕಿಳಿದರು. ನಮಗೆ ಇಲ್ಲಿ ಲಿನಕ್ಸ್ ಸಿಕ್ಕಿದ್ದು ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯಲ್ಲಿ. ಡಯಲ್ ಅಪ್ ಕಾಲದಲ್ಲಿ ಅಷ್ಟು ದೊಡ್ಡದನ್ನು ಡೌನ್‌ಲೋಡ್ ಮಾಡುವ ಮಾತೇ ಇರಲಿಲ್ಲ. ಮುಂದೆ ಉಬುಂಟು ಎಂಬ ಲಿನಕ್ಸ್ ಬಗೆ ಬಂದಾಗ ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿದ್ದರು. ಬೆಂಗಳೂರಿನಲ್ಲಿ 2001ರಿಂದ 'ಲಿನಕ್ಸ್ ಬೆಂಗಳೂರು' ಸಮಾವೇಶ ನಡೆಯಿತು, ಅದೇ ಮುಂದೆ 'ಫಾಸ್ ಡಾಟ್ ಇನ್' ಆಯಿತು. ಆ ದಿನಗಳಲ್ಲಿ ವಿಂಡೋಸ್, ಲಿನಕ್ಸ್ ವಾದ ಎದ್ದರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುತ್ತಿರಲಿಲ್ಲ. ಮೋಡೆಮ್ ಹಿಡಿಯಲ್ಲ, ಸೌಂಡ್ ಬರಲ್ಲ ಎಂದು ಎರಡು ರಾತ್ರಿ ಕೂತು, ಕೊನೆಗೆ ಹಾಡು ಕೇಳಿಸಿದಾಗ ಆದ ಖುಷಿಯನ್ನು ಹೊಸಬರಿಗೆ ಹೇಳಿ ತಿಳಿಸುವುದು ಕಷ್ಟ.

ಅಪ್ಪನ ಫೈಲು

ನಮ್ಮಪ್ಪ ರಿಟೈರ್ ಆದ ಮೇಲೆ ನಮ್ಮ ಊರಿನ ಕಥೆ ಬರೆದರು. ಕೆರೆ ಯಾರು ಕಟ್ಟಿಸಿದರು, ಯಾವ ಬರಗಾಲದಲ್ಲಿ ಯಾವ ಮನೆತನ ಎಲ್ಲಿಗೆ ಹೋಯಿತು, ಹೀಗೆ 140 ಪುಟ. ಅದನ್ನು 2000ದ ಸುಮಾರಿಗೆ ನಾನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಆಗ ನಮಗಿದ್ದದ್ದು ಆಸ್ಕಿ ಫಾಂಟ್.

ಆಸ್ಕಿ ಫಾಂಟ್ ಅಂದರೇನು ಅಂತ ಸ್ವಲ್ಪ ಹೇಳಬೇಕು. ಕಂಪ್ಯೂಟರಿಗೆ ಆಗ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಒಂದಷ್ಟು ಚಿಹ್ನೆ, ಎಲ್ಲ ಸೇರಿ 256 ಜಾಗ. ನಮ್ಮವರು ಜಾಣತನದಿಂದ ಆ ಜಾಗಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. 'ಕ' ಅನ್ನುವುದೇ ಎರಡು ತುಂಡು. ಮೈ ಒಂದು, ತಲೆಕಟ್ಟು ಒಂದು. ಒತ್ತಕ್ಷರಕ್ಕೆ ಬೇರೆ ತುಂಡು, ದೀರ್ಘಕ್ಕೆ ಬೇರೆ. ಕಣ್ಣಿಗೆ ಕನ್ನಡ ಕಂಡರೂ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ.

ಆ ಕಾಲಕ್ಕೆ ಅದು ದೊಡ್ಡ ಕೆಲಸವೇ. ಕೆ.ಪಿ. ರಾವ್ ಅವರು ಕೊಟ್ಟ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ತಂದ 'ಬರಹ', ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ತಂದ 'ನುಡಿ' ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ.

2009ರಲ್ಲಿ ಆ ಹಳೇ ಕಂಪ್ಯೂಟರ್ ಕೆಟ್ಟಿತು. ರಿಪೇರಿ ಅಂಗಡಿಯ ಹುಡುಗ ಫೈಲುಗಳನ್ನೆಲ್ಲ ಉಳಿಸಿಕೊಟ್ಟ, ಫಾಂಟ್ ಉಳಿಸಲಿಲ್ಲ. ಉಳಿಸಬೇಕೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಅಪ್ಪನ ಫೈಲ್ ತೆರೆದಾಗ 140 ಪುಟದಲ್ಲಿ ಒಂದಾದರೂ ಕನ್ನಡ ಅಕ್ಷರ ಇರಲಿಲ್ಲ. ಅಪ್ಪ ಅದನ್ನು ನೋಡಿ ಸುಮ್ಮನೆ ಎದ್ದು ಹೊರಗೆ ಹೋದರು.

ಆಸ್ಕಿಯಿಂದ ಯೂನಿಕೋಡಿಗೆ ತರುವ ಪರಿವರ್ತಕ ಸಿಕ್ಕಿ ಬಹುಪಾಲು ವಾಪಸ್ ಬಂತು. ಆದರೆ ಅರ್ಕಾವತ್ತು ಜಾಗ ತಪ್ಪಿತ್ತು, ಕೆಲವು ಒತ್ತು ಹಾರಿಹೋಗಿದ್ದವು. ಅದೃಷ್ಟಕ್ಕೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ತೆಗೆದ ಒಂದು ಪ್ರತಿ ಅಟ್ಟದ ಮೇಲಿತ್ತು. ಎರಡೂ ಅಂಚಿಗೆ ತೂತು ಇರುವ ಆ ಉದ್ದನೆಯ ಕಾಗದ ಇಟ್ಟುಕೊಂಡು ನಾನೂ ನನ್ನ ತಂಗಿಯೂ ಎರಡು ತಿಂಗಳು ಸಾಲು ಸಾಲಾಗಿ ತಿದ್ದಿದೆವು.

ಯೂನಿಕೋಡಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. 'ಕ' ಅಂದರೆ 3221. ದಾವಣಗೆರೆಯಲ್ಲಿ ಟೈಪ್ ಮಾಡಿದರೂ ದುಬೈಯಲ್ಲಿ ತೆರೆದರೂ ಅದು 3221. ಫಾಂಟ್ ಬದಲಾದರೆ ಅಕ್ಷರದ ಅಂದ ಬದಲಾಗಬಹುದು, ಅಕ್ಷರ ಬದಲಾಗುವುದಿಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲಿ 'ತುಂಗಾ' ಫಾಂಟ್ ಬಂದಾಗ ಇದು ನಮ್ಮ ಮನೆಯ ಕಂಪ್ಯೂಟರಿಗೂ ತಲುಪಿತು. ಆದರೆ ಸೆಟ್ಟಿಂಗ್ಸ್ ಒಳಗೆ ಹೋಗಿ ಟಿಕ್ ಹಾಕಬೇಕು, ಅದು ಎಕ್ಸ್‌ಪಿ ಸಿಡಿ ಕೇಳುತ್ತದೆ, ಸಿಡಿ ಕೈಯಲ್ಲಿಲ್ಲ. ಹೀಗಾಗಿ ಎಷ್ಟೋ ಜನ ಆಸ್ಕಿಯಲ್ಲೇ ಉಳಿದರು.

ಇದನ್ನೆಲ್ಲ ಓಎಸ್ ಹೋಲಿಕೆಯಲ್ಲಿ ಯಾಕೆ ಹೇಳಿದೆ ಅಂದರೆ, ಓಎಸ್ ಬದಲಿಸುವ ದಿನವೇ ಇಂಥ ಫೈಲುಗಳು ಹೋಗುವುದು ಜಾಸ್ತಿ. ಯಾವುದನ್ನೇ ಆರಿಸಿ, ಹಳೆಯದನ್ನು ಅಳಿಸುವ ಮೊದಲು ಮೂರು ಕೆಲಸ ಮಾಡಿ. ಹಳೇ ಆಸ್ಕಿ ಫೈಲುಗಳನ್ನೆಲ್ಲ ಒಮ್ಮೆ ತೆರೆದು ಪಿಡಿಎಫ್ ಮಾಡಿ. ಫಾಂಟ್ ಫೋಲ್ಡರನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಮುಖ್ಯವಾದವನ್ನು ಯೂನಿಕೋಡಿಗೆ ಬದಲಿಸಿ, ಪಿಡಿಎಫ್ ಪಕ್ಕದಲ್ಲಿಟ್ಟು ಓದಿ ತಿದ್ದಿ. ಸಿ ಡ್ರೈವಿನ ಡೆಸ್ಕ್‌ಟಾಪ್ ಮೇಲೆ ಇಟ್ಟ ಫೈಲುಗಳನ್ನು ಜನ ಮರೆಯುವುದು ಜಾಸ್ತಿ, ಅಲ್ಲೂ ನೋಡಿ.

ವಿಂಡೋಸ್ 11

ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಆಫೀಸಿನವರು ಹಾಕಿಕೊಡುವ ಸಾಫ್ಟ್‌ವೇರ್, ಡಿಟಿಪಿಗೆ ಅಂದರೆ ಪುಟ ಜೋಡಣೆಗೆ ಬಳಸುವ ಪೇಜ್‌ಮೇಕರ್, ಕೋರೆಲ್ ಡ್ರಾ. ಇವುಗಳಲ್ಲಿ ಒಂದು ನಿಮ್ಮ ಹೊಟ್ಟೆಪಾಡಾಗಿದ್ದರೆ ಜಾಸ್ತಿ ಯೋಚಿಸಬೇಡಿ, ವಿಂಡೋಸಿನಲ್ಲೇ ಇರಿ. ಲಿನಕ್ಸಿನಲ್ಲಿ ಇವನ್ನು ಓಡಿಸಲು ಉಪಾಯಗಳಿವೆ. ಆದರೆ ಜಿಎಸ್‌ಟಿ ಕೊನೆಯ ದಿನ ರಾತ್ರಿ ಆ ಉಪಾಯ ಕೈಕೊಟ್ಟರೆ ಯಾರನ್ನು ಕೇಳುತ್ತೀರಿ?

ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಅಂತ ಹೇಳುತ್ತಾರೆ. ನನ್ನ ಅನುಭವದಲ್ಲಿ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇಲ್ಲದಿದ್ದರೆ ಅದರ ಜೊತೆ ಬದುಕುವುದು ಕಷ್ಟ. ಅಡ್ಡಿ ಬರುವುದು ಇನ್ನೊಂದು ಕಡೆ. ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾಗಿರಬೇಕು. 2017ಕ್ಕಿಂತ ಹಿಂದೆ ತೆಗೆದುಕೊಂಡ ಲ್ಯಾಪ್‌ಟಾಪ್ ಆದರೆ ಸಾಮಾನ್ಯವಾಗಿ ಆಗುವುದಿಲ್ಲ. ಅಂಗಡಿಯಲ್ಲಿ "ಹೇಗೋ ಹಾಕಿಕೊಡ್ತೀವಿ" ಅನ್ನುತ್ತಾರೆ, ಹಾಕಿಯೂ ಕೊಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಟ್ಟಿಲ್ಲ.

ಕನ್ನಡದ ಮಟ್ಟಿಗೆ ವಿಂಡೋಸ್ ಈಗ ಚೆನ್ನಾಗಿದೆ. 'ನಿರ್ಮಲಾ' ಫಾಂಟ್ ಜೊತೆಯಲ್ಲೇ ಬರುತ್ತದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕನ್ನಡವಾಗುವ ಫೋನೆಟಿಕ್ ಕೀಬೋರ್ಡ್ 2019ರಿಂದ ವಿಂಡೋಸಿನಲ್ಲೇ ಇದೆ. ನುಡಿ, ಬರಹ ಬಳಸಿ ಅಭ್ಯಾಸವಾದವರಿಗೆ ಅವೂ ಇವೆ. ಅವುಗಳಲ್ಲಿ ಬರೆಯುವಾಗ ಯೂನಿಕೋಡ್ ಆಯ್ಕೆ ಆಗಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದೇ ಇಲ್ಲ, ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹಾಗಾಗಿ ಡಿಟಿಪಿಯವರು ಮೂಲ ಬರಹವನ್ನು ಯೂನಿಕೋಡಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಲೇಬೇಕು.

ವಿಂಡೋಸ್ 10ರಲ್ಲೇ ಉಳಿಯುವುದು

ಸ್ವಲ್ಪ ಸಮಯ ಬೇಕು ಅನ್ನುವವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆ ಮಾಡಿತು. ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಇದು ಯೋಚಿಸಲು ಸಿಗುವ ಸಮಯ ಅಷ್ಟೇ. ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾತ್ರ ಬೇಡವೇ ಬೇಡ. ಎಕ್ಸ್‌ಪಿಯ ಬೆಂಬಲ 2014ರಲ್ಲಿ ನಿಂತ ಮೇಲೂ ವರ್ಷಗಟ್ಟಲೆ ಅದನ್ನೇ ಓಡಿಸಿ, ವೈರಸ್ ಹೊಕ್ಕು ಫೋಟೋಗಳನ್ನೆಲ್ಲ ಕಳೆದುಕೊಂಡವರು ನಮ್ಮ ನೆಂಟರಲ್ಲೇ ಇದ್ದಾರೆ.

ಲಿನಕ್ಸ್

ವಿಂಡೋಸ್ 11 ಹಿಡಿಯದ, ಆದರೆ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪಿಗೆ ನನ್ನ ಮೊದಲ ಸಲಹೆ ಇದೇ. ಅದರಲ್ಲೂ ಲಿನಕ್ಸ್ ಮಿಂಟ್. ಲಿನಕ್ಸ್ ಅಂದರೆ ನೂರಾರು ಬಗೆ, ಯಾವುದು ಒಳ್ಳೆಯದು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಹೊಸಬರು ಆ ಜಗಳಕ್ಕೆ ಇಳಿಯಬೇಕಿಲ್ಲ. ಮಿಂಟ್‌ನಲ್ಲಿ ಕೆಳಗೆ ಎಡಮೂಲೆಯಲ್ಲಿ ಮೆನು ಇದೆ, ಗಡಿಯಾರ ಬಲಕ್ಕಿದೆ. ವಿಂಡೋಸ್ 7 ಬಳಸಿದವರಿಗೆ ಕೈ ತಾನಾಗೇ ಹೋಗುತ್ತದೆ. 4 ಜಿಬಿ ರ‍್ಯಾಮ್ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಮಿಂಟ್‌ನದೇ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪ್ರೊಸೆಸರ್ 32 ಬಿಟ್‌ನದಾಗಿದ್ದರೆ ಮಾತ್ರ ಮಿಂಟ್ 22 ಬೇಡ, ಆ ಯಂತ್ರದ ಕಾಲ ಮುಗಿಯುತ್ತಾ ಬಂದಿದೆ.

ಲಿನಕ್ಸಿನ ದೊಡ್ಡ ಅನುಕೂಲ ಏನೆಂದರೆ ಹಾಕುವ ಮೊದಲು ನೋಡಬಹುದು. ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಶುರುಮಾಡಿದರೆ ನಿಮ್ಮ ಹಾರ್ಡ್ ಡಿಸ್ಕ್ ಮುಟ್ಟದೆ ಇಡೀ ಓಎಸ್ ತೆರೆದುಕೊಳ್ಳುತ್ತದೆ. ವೈಫೈ ಬರುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಹಿಡಿಯುತ್ತದಾ, ಎಲ್ಲ ನೋಡಿ. ಪ್ರಿಂಟರ್ ವಿಷಯದಲ್ಲಿ ಎಚ್ಚರ. ಕೆಲವು ಹಚ್ಚಿದ ಕೂಡಲೇ ನಡೆಯುತ್ತವೆ, ಕೆಲವು ಹಳೇ ಲೇಸರ್ ಪ್ರಿಂಟರುಗಳು ಲಿನಕ್ಸಿನಲ್ಲಿ ಬಹಳ ಸತಾಯಿಸುತ್ತವೆ. ನಿಮ್ಮ ಮಾದರಿಯ ಹೆಸರು ಹಾಕಿ ಮೊದಲೇ ಹುಡುಕಿ ನೋಡಿ.

ಕನ್ನಡಕ್ಕೆ ಬಂದರೆ, ಕೆ.ಪಿ. ರಾವ್ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಲಿನಕ್ಸ್ ತವರುಮನೆ ಇದ್ದಂತೆ. ಕೀಬೋರ್ಡ್ ಪಟ್ಟಿಯಲ್ಲಿ 'ಕನ್ನಡ, ಕಗಪ' ಅಂತ ಒಂದಿದೆ. ಆರಿಸಿಕೊಂಡರೆ ಮುಗಿಯಿತು, ಬೇರೇನೂ ಹಾಕಬೇಕಿಲ್ಲ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ'. ನುಡಿಯಲ್ಲಿ ಕಲಿತ ಬೆರಳು ಹಾಗೇ ಓಡುತ್ತದೆ. ನೋಟೊ, ಲೋಹಿತ್, ಗುಬ್ಬಿ, ನವಿಲು ಹೀಗೆ ಫಾಂಟುಗಳೂ ಉಚಿತವಾಗಿ ಸಿಗುತ್ತವೆ. ಲಿಬ್ರೆ ಆಫೀಸಿನಲ್ಲಿ ಪತ್ರ, ಲೆಕ್ಕ ಎಲ್ಲ ಆಗುತ್ತದೆ. ವರ್ಡ್ ಫೈಲ್ ತೆರೆದರೆ ಸಾಲು ಕೆಲವೊಮ್ಮೆ ಆಚೀಚೆ ಆಗಬಹುದು, ಅಕ್ಷರ ಕೆಡುವುದಿಲ್ಲ. ಆದರೆ ಮಿಂಟ್‌ನ ಮೆನುಗಳು ಪೂರ್ತಿ ಕನ್ನಡದಲ್ಲಿಲ್ಲ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುತ್ತದೆ.

ಮಕ್ಕಳು ಹೊಂದಿಕೊಳ್ಳುತ್ತಾರಾ ಅಂತ ಕೇಳುವವರಿಗೆ ಪಕ್ಕದ ಕೇರಳವನ್ನು ತೋರಿಸುತ್ತೇನೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ.

ಮ್ಯಾಕ್, ಕ್ರೋಮ್‌ಓಎಸ್ ಫ್ಲೆಕ್ಸ್

ಮ್ಯಾಕ್ ಅಂದರೆ ಹೊಸ ಯಂತ್ರವನ್ನೇ ಕೊಳ್ಳಬೇಕು. ದುಡ್ಡಿದ್ದರೆ, ವಿಡಿಯೋ ಅಥವಾ ಸಂಗೀತದ ಕೆಲಸ ಇದ್ದರೆ ಒಳ್ಳೆಯದು. 2020ರ ಕೊನೆಗೆ ಬಂದ ಆಪಲ್‌ನದೇ ಚಿಪ್ ಇರುವ ಮಾದರಿಗಳ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಂಟೆಲ್ ಮ್ಯಾಕ್ ಬಿಟ್ಟುಬಿಡಿ. ಅವುಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆಯದು. ಕನ್ನಡ ಅಕ್ಷರ ಮ್ಯಾಕ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ವಿನ್ಯಾಸ) ಮತ್ತು ಕ್ವರ್ಟಿ (ಇಂಗ್ಲಿಷ್ ಕೀಗಳ ಉಚ್ಚಾರಕ್ಕೆ ಹೊಂದುವ ವಿನ್ಯಾಸ) ಕೀಬೋರ್ಡ್ ಜೊತೆಯಲ್ಲೇ ಇವೆ. ನುಡಿಯ ವಿನ್ಯಾಸ ಬೇಕಾದವರು ಬೇರೆ ಹಾಕಿಕೊಳ್ಳಬೇಕು.

ಕ್ರೋಮ್‌ಓಎಸ್ ಫ್ಲೆಕ್ಸ್ ಹಳೇ ಲ್ಯಾಪ್‌ಟಾಪಿಗೆ ಗೂಗಲ್ ಉಚಿತವಾಗಿ ಕೊಡುತ್ತದೆ. ಅಮ್ಮನಿಗೆ ಯೂಟ್ಯೂಬ್, ವಾಟ್ಸ್‌ಆ್ಯಪ್ ವೆಬ್, ಪೇಪರ್ ಓದುವುದು ಇಷ್ಟೇ ಆದರೆ ಸಾಕು. ನೆಟ್ ಹೋದರೆ ಹೆಚ್ಚಿನ ಕೆಲಸ ನಿಲ್ಲುತ್ತದೆ. ನಮ್ಮ ಹಳ್ಳಿಗಳ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ಯಾವುದಕ್ಕೇ ಹೋಗಿ, ಹಳೇ ಲ್ಯಾಪ್‌ಟಾಪಿನಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಓಎಸ್ ಬದಲಿಸಿ ಸಿಗುವ ವೇಗಕ್ಕಿಂತ ಇದರಿಂದ ಸಿಗುವುದು ಜಾಸ್ತಿ.

ಐದು ಪದದ ಪರೀಕ್ಷೆ

ನಾನು ಯಾವ ಓಎಸ್ ನೋಡಿದರೂ ಮೊದಲು ಟೈಪ್ ಮಾಡುವುದು ಐದು ಪದ: ಕೃಷ್ಣ, ಸೂರ್ಯ, ರಾಷ್ಟ್ರ, ರ‍್ಯಾಂಕ್, ಸಾಫ್ಟ್‌ವೇರ್. 'ಸೂರ್ಯ'ದಲ್ಲಿ ಅರ್ಕಾವತ್ತು ಪಕ್ಕಕ್ಕೆ ಬರಬೇಕು. 'ರ‍್ಯಾಂಕ್'ನಲ್ಲಿ ರ ಪೂರ್ತಿ ನಿಂತು ಯ ಒತ್ತು ಕೆಳಗೆ ಬರಬೇಕು. 'ಸಾಫ್ಟ್‌ವೇರ್'ನಲ್ಲಿ ವ ಕೆಳಗೆ ಜೋತುಬೀಳಬಾರದು. 'ರಾಷ್ಟ್ರ'ದಲ್ಲಿ ಎರಡು ಒತ್ತು ಒಂದರ ಮೇಲೊಂದು ಹತ್ತಬಾರದು. ಇವನ್ನು ಒಂದು ಫೈಲಿನಲ್ಲಿ ಉಳಿಸಿ, ಪಿಡಿಎಫ್ ಮಾಡಿ, ನಿಮ್ಮ ಫೋನಿಗೂ ಗೆಳೆಯರ ಕಂಪ್ಯೂಟರಿಗೂ ಕಳಿಸಿ ತೆರೆಯಿರಿ. ಆಮೇಲೆ ಫೈಲಿನಲ್ಲಿ 'ಸೂರ್ಯ' ಅಂತ ಹುಡುಕಿ ನೋಡಿ. ಸಿಕ್ಕರೆ ಒಳಗಿರುವುದೂ ಕನ್ನಡವೇ ಅಂತ ಅರ್ಥ. ಇಷ್ಟಕ್ಕೆ ಹತ್ತು ನಿಮಿಷ ಸಾಕು.

ಅಪ್ಪನ 140 ಪುಟ ಈಗ ನನ್ನ ಮಿಂಟ್‌ನಲ್ಲಿದೆ, ಮೈಸೂರಿನಲ್ಲಿರುವ ತಂಗಿಯ ವಿಂಡೋಸ್ 11ರಲ್ಲಿದೆ, ಅವಳ ಮಗನ ಮ್ಯಾಕ್‌ನಲ್ಲೂ ಇದೆ. ಕಳೆದ ಯುಗಾದಿಗೆ ಎಲ್ಲರೂ ಊರಲ್ಲಿ ಸೇರಿದ್ದಾಗ ಕೆರೆ ಕಟ್ಟಿಸಿದವರ ಹೆಸರಿನ ಬಗ್ಗೆ ಮಾತು ಬಂತು. ಹುಡುಗ ಅವನ ಲ್ಯಾಪ್‌ಟಾಪ್ ತೆರೆದು ಹೆಸರು ಟೈಪ್ ಮಾಡಿದ. ನೇರವಾಗಿ 37ನೇ ಪುಟ ತೆರೆದುಕೊಂಡಿತು. ಅಪ್ಪ ಕನ್ನಡಕ ಹಾಕಿಕೊಂಡು ಆ ಪ್ಯಾರಾ ಜೋರಾಗಿ ಓದಿದರು, ಒಂದು ಇಸವಿ ತಪ್ಪಿದೆ ಅಂದರು. ಅಲ್ಲೇ ತಿದ್ದಿ ಮೂರು ಕಡೆಗೂ ಕಳಿಸಿದೆವು.